ಸಭಾತ್ಯಾಗವೂ ರಬ್ಬರ್ ನಳಿಯೂ

ದೇವರು ಕಾಯಿಲೆ ಹಂಚುವಾಗಲೂ ಪಕ್ಷಪಾತ ಮಾಡುತ್ತಾನೆ ಎಂಬುದು ಭಾಲ್ಕಿಯ ಬಟ್ಟೆ ವ್ಯಾಪಾರಿ ಹಾವಗೆಪ್ಪ ಸಾಹುಕಾರರ ದೂರು. ಎದೆನೋವು ಬಂದವನು ನಾಲ್ಕು ಜನರ ಮುಂದೆ ಎದೆ ಹಿಡಿದುಕೊಂಡು ಕೂಡಬಹುದು. ತಲೆನೋವು ಬಂದವನು ಹಣೆಗೆ ಪಟ್ಟಿ ಕಟ್ಟಿಕೊಂಡು ಬಜಾರಿನಲ್ಲಿ ಅಡ್ಡಾಡಬಹುದು. ಹತ್ತು ಜನ ನಿಲ್ಲಿಸಿ ಮಾತಾಡಿಸುತ್ತಾರೆ. ತಮಗೆ ಬಂದದ್ದನ್ನು ಎಲ್ಲಿ ಹಿಡಿದುಕೊಂಡು ಯಾರಿಗೆ ಹೇಳುವುದು?

ಸಾಹುಕಾರರಿಗೆ ಬಂದದ್ದು ಉಚ್ಚೆಯ ಕಾಯಿಲೆ. ಬಂತೆಂದರೆ ತಡೆಯುವ ಹಾಗಿಲ್ಲ. ಓಡಿ ಹೋದರೆ ಬರುವ ಹಾಗಿಲ್ಲ. ಹನಿ ಹನಿಯಾಗಿ ಉದುರುವುದನ್ನು ಕಾಯುತ್ತ ನಿಂತು, ಮುಗಿಯಿತೆಂದು ಧೋತರ ಸರಿಮಾಡಿಕೊಂಡು ಬಂದು ಗಾದಿಯ ಮೇಲೆ ಕೂತರೆ ಮತ್ತೆ ಕರೆ ಬರುತ್ತಿತ್ತು. ರಾತ್ರಿಯೆಲ್ಲ ಏಳುವುದು, ಮಲಗುವುದು. ಗಿರಾಕಿಗಳು ಸೀರೆಯ ಅಂಚು ನೋಡುವಷ್ಟರಲ್ಲಿ ಸಾಹುಕಾರರು ಮಾಯ. ವ್ಯಾಪಾರ ಕೆಡಬೇಕಾಗಿತ್ತು. ಆದರೆ ಕೆಡಲಿಲ್ಲ, ಏಕೆಂದರೆ ಅದೇ ಕಾಯಿಲೆ ಅವರನ್ನು ಜಿಲ್ಲೆಯ ಲೀಡರ್ ಮಾಡಿಬಿಟ್ಟಿತು.

ಅದು ಹೇಗೆಂದು ಹೇಳಬೇಕು. ಆ ವರ್ಷಗಳಲ್ಲಿ ಬೀದರ ಜಿಲ್ಲೆಯಲ್ಲಿ ಇಬ್ಬರು ಸೇರಿದರೆ ಒಂದೇ ಮಾತು. ನಿಜಾಮನ ಆಳ್ವಿಕೆ ಹೋಯಿತು, ಹೈದ್ರಾಬಾದ ರಾಜ್ಯವೂ ಒಡೆಯುತ್ತದಂತೆ, ನಮ್ಮನ್ನು ಯಾವ ಕಡೆ ಹಾಕುತ್ತಾರೆ? ಮೈಸೂರಿಗೋ, ಮುಂಬಯಿಗೋ, ಆಂಧ್ರಕ್ಕೋ? ಭಾಲ್ಕಿಯ ಅಡತ ಬಜಾರಿನಲ್ಲಿ ಈ ಬಗ್ಗೆ ಒಂದು ದೊಡ್ಡ ಸಭೆ ಸೇರಿತು. ಊರಿನ ಹಿರಿಯರೆಂದು ಹಾವಗೆಪ್ಪನವರನ್ನು ಮೊದಲ ಸಾಲಿನಲ್ಲಿ ಕೂಡಿಸಿದ್ದರು. ಭಾಷಣಕಾರರೊಬ್ಬರು ಎದ್ದು, “ಭಾಲ್ಕಿ ಮುಂಬಯಿಗೆ ಹೋದರೇನೇ ಛಲೋ” ಎಂದರು. ಸರಿಯಾಗಿ ಅದೇ ಗಳಿಗೆಗೆ ಸಾಹುಕಾರರಿಗೆ ಕರೆ ಬಂತು. ಮುಖ ಕೆಂಪಗಾಯಿತು, ಹಲ್ಲು ಕಚ್ಚಿದರು, ಧಡಕ್ಕನೆ ಎದ್ದರು, ಯಾರ ಮುಖವನ್ನೂ ನೋಡದೆ ಸಣ್ಣ ಸಣ್ಣ ಹೆಜ್ಜೆಯಲ್ಲಿ ಬಿರಬಿರನೆ ಹೊರಗೆ ನಡೆದರು.

“ಸಾಹುಕಾರ್ರು ಸಭಾತ್ಯಾಗ ಮಾಡಿದ್ರು!” ಎಂದು ಸಾಲಿ ಮಾಸ್ತರ ಜ್ಞಾನೇಶ್ವರ ಎದ್ದು ಕೂಗಿದ. ಸಭೆಗೆ ಸಭೆಯೇ ಎದ್ದು ಜೈಕಾರ ಹಾಕುತ್ತ ಅವರ ಹಿಂದೆ ಹೊರಟಿತು. ಪಾಪ, ಸಾಹುಕಾರರಿಗೆ ಬೇಕಾಗಿದ್ದದ್ದು ಒಂದು ಗೋಡೆ ಮಾತ್ರ. ಹಿಂದೆ ಅಷ್ಟು ಜನರನ್ನು ಕಟ್ಟಿಕೊಂಡು ಯಾವ ಗೋಡೆಗೆ ನಿಲ್ಲುವುದು? ಊರ ಹೊರಗಿನ ಜೋಳದ ಹೊಲದ ತನಕ ಮೆರವಣಿಗೆ ಹೋಯಿತು. ಅಲ್ಲಿ ಅವರು, “ಎಲ್ಲಾರೂ ಇಲ್ಲೇ ನಿಂದರ್ರಿ, ನಾ ಸ್ವಲ್ಪ ವಿಚಾರ ಮಾಡಿ ಬರ್ತೇನಿ” ಎಂದು ಜೋಳದೊಳಗೆ ಹೊಕ್ಕರು. ವಿಚಾರ ಬಹಳ ಹೊತ್ತು ನಡೆಯಿತು. ಹೊರಗೆ ಬಂದಾಗ ಅವರ ಮುಖದ ಮೇಲಿದ್ದ ಶಾಂತಿಯನ್ನು ನೋಡಿ ಜನ ಕೈಮುಗಿದರು.

ಅಲ್ಲಿಂದ ಮುಂದೆ ಯಾವ ಸಭೆಗೂ ಹಾವಗೆಪ್ಪನವರು ಬೇಕೇ ಬೇಕು. ಅವರು ಎಲ್ಲಿ ಏಳುತ್ತಾರೋ ಅಲ್ಲಿ ಮೈಸೂರಿನ ಪರವಾಗಿ ಒಂದು ಪೆಟ್ಟು ಬಿತ್ತೆಂದೇ ಲೆಕ್ಕ. ಆ ಕಡೆ ಔರಾದದಲ್ಲಿ ಕಾಶೀರಾಮ ಎಂಬವರು ಮುಂಬಯಿ ಪಕ್ಷದ ಲೀಡರ್. ಅವರದೂ ಸಭಾತ್ಯಾಗಕ್ಕೆ ದೊಡ್ಡ ಹೆಸರು. ಒಮ್ಮೆ ಬೀದರದ ಸಭೆಯಲ್ಲಿ ಇಬ್ಬರೂ ಒಟ್ಟಿಗೇ ಎದ್ದು ಎರಡು ಬಾಗಿಲಿನಿಂದ ಹೊರಬಿದ್ದರು, ಸಭೆ ನಿಂತೇಹೋಯಿತು. ಹಿತ್ತಲಿನ ಒಂದೇ ಗೋಡೆಯ ಎರಡು ತುದಿಗೆ ಬಂದು, ಒಬ್ಬರಿಗೊಬ್ಬರು ಬೆನ್ನು ತಿರುಗಿಸಿ, ಬಹಳ ಹೊತ್ತು ನಿಂತರು. ಮಾತಿಲ್ಲ, ಕಥೆಯಿಲ್ಲ. ಶತ್ರುವಿನ ಜೊತೆ ಮಾತಾಡುವುದು ಇಬ್ಬರ ತತ್ವಕ್ಕೂ ವಿರುದ್ಧವಾಗಿತ್ತು.

ಊರಿಗೆ ಊರೇ ನಂಬಿದ ಈ ಕ್ರಾಂತಿಯ ಒಳಗುಟ್ಟು ಗೊತ್ತಿದ್ದದ್ದು ಹೆಂಡತಿ ಗುಂಡಮ್ಮನಿಗೆ ಮಾತ್ರ. ಧೋತರ ಒಗೆಯುವವಳಿಗೆ ರಾಜಕೀಯ ಬೇಗ ಅರ್ಥವಾಗುತ್ತದೆ.

“ನಿಮ್ಮ ಸಭಾತ್ಯಾಗ ಎಲ್ಲಿಂದ ಹುಟ್ತದ ನನಗ ಗೊತ್ತದ. ಬೀದರದ ದವಾಖಾನಿಗೆ ನಡೀರಿ” ಎಂದು ಅವಳು ಒಂದೇ ಸಮನೆ ಹಿಂದೆ ಬಿದ್ದು, ಕೊನೆಗೆ ಬಸ್ಸು ಹತ್ತಿಸಿದಳು.

ದವಾಖಾನೆಯ ಡಾಕ್ಟರ್ ದತ್ತಾತ್ರಿ ಬಳಸಿ ಮಾತಾಡುವವರಲ್ಲ. ತಪಾಸಣೆ ಮುಗಿಸಿ ಕೈ ತೊಳೆದುಕೊಂಡು ಹೇಳಿದರು:

“ಮೂತ್ರಚೀಲದ ಬಾಯಾಗ ಒಂದು ಗಡ್ಡಿ ಬೆಳದದ ರೀ. ವಯಸ್ಸಾದ ಗಂಡಸರಿಗೆ ಬರೂದೇ. ಆಪರೇಶನ್ ಮಾಡಿ ತೆಗೀಬೇಕು.”

“ತೆಗೀರಿ. ಚಾಕು ಚೂರಿಗೆ ಈ ಹಾವಗೆಪ್ಪ ಅಂಜೂದಿಲ್ಲ” ಎಂದು ಸಾಹುಕಾರರು ಮೀಸೆ ಮುಟ್ಟಿಕೊಂಡರು.

“ಆಪರೇಶನ್ ಟೈಮಿನಾಗ ಒಂದು ರಬ್ಬರ್ ನಳಿ ಹಾಕ್ತೇವಿ. ಗಾಯ ಮಾಯೂ ತನಕ ಮೂತ್ರ ಅದರಾಗಿಂದ ಹರದು ಶೀಶೆದಾಗ ಬೀಳ್ತದ.”

“ಎಲ್ಲಿಂದ ಹಾಕ್ತೀರಿ?”

ಡಾಕ್ಟರು ಹೇಳಿದರು. ಸಾಹುಕಾರರು ಧಡಕ್ಕನೆ ಎದ್ದು ಚಪ್ಪಲಿ ಮೆಟ್ಟಿಕೊಂಡು ಹೊರನಡೆದರು. (ಇದೊಂದನ್ನು ಮಾತ್ರ ನಿಜವಾದ ಸಭಾತ್ಯಾಗ ಎನ್ನಬಹುದು.)

ಮನೆಗೆ ಬಂದು ಬಾಗಿಲು ಹಾಕಿಕೊಂಡು, ಹೆಂಡತಿಯ ಮುಂದೆ ದುಃಖ ತೋಡಿಕೊಂಡರು.

“ಗುಂಡಿ, ಕೊಯ್ಯೂದು ಬ್ಯಾರೆ, ತೂರ್ಸೂದು ಬ್ಯಾರೆ. ಹೊರಗ ಬರೂ ಹಾದಿಯೊಳಗ ಒಳಗ ಹೋಗೂದಂದ್ರ ಏನು! ಎಷ್ಟು ನೋಯ್ತದೋ ಏನೋ.”

“ನಾ ಆರು ಹಡದೀನಿ. ‘ನೋಯ್ತದೇನವ್ವಾ’ ಅಂತ ಒಬ್ರರ ನನಗ ಕೇಳಿದ್ರೇನು? ನೀವು ಬಜಾರಿನಾಗ ಪೇಡೆ ಹಂಚ್ತಿದ್ರಿ.”

“ಅದು ಬ್ಯಾರೆ ವಿಷಯ. ಮತ್ತ ಆ ಶೀಶೆ? ಯಾರರ ಮಾತಾಡ್ಸಲಿಕ್ಕ ಬಂದ್ರ ಕಾಣ್ತದಲ್ಲ! ನಳಿ ಯಾಕ, ಶೀಶೆ ಯಾಕ ಅಂತ ಕೇಳ್ತಾರ. ಒಂದು ದಾರ ಎಳದ್ರ ಪೂರಾ ಬಟ್ಟಿ ಥಾನು ಬಿಚ್ಚಿದಂಗ, ನನ್ನ ಸಭಾತ್ಯಾಗ ಎಲ್ಲಾ ಬಿಚ್ಚಿ ಹೊರಗ ಬೀಳ್ತಾವ. ಮೈಸೂರು ರಾಜ್ಯ ಬರೂ ಹೊತ್ತಿನಾಗ ನನ್ನ ಮಾನ ಹೋಗ್ಬೇಕೇನು?”

ಗುಂಡಮ್ಮ ನಗಲಿಲ್ಲ. ಅವಳಿಗೆ ಗಂಡನ ಮಾನದ ಚಿಂತೆಯಿರಲಿಲ್ಲ, ಗಂಡನ ಚಿಂತೆಯಿತ್ತು. ನಿದ್ದೆಯಿಲ್ಲದೆ ಅವರು ಸೊರಗಿಹೋಗಿದ್ದರು. ಶ್ರಾವಣ ಮುಗಿದದ್ದೇ ತಡ, “ಹಾಕಿಸ್ಕೊಳ್ಳೂದು ಬ್ಯಾಡ, ಬರೇ ನೋಡಿ ಬರೂಣು” ಎಂದು ಪುಸಲಾಯಿಸಿ ಮತ್ತೆ ಬೀದರಕ್ಕೆ ಕರೆದೊಯ್ದಳು. ನೋಡುವುದೆಂದರೆ ಸಾಹುಕಾರರಿಗೂ ಒಪ್ಪಿಗೆ. ಮಾಲು ನೋಡದೆ ಅವರು ಈ ತನಕ ಏನನ್ನೂ ಕೊಂಡವರಲ್ಲ.

ಡಾಕ್ಟರು ಟೇಬಲಿನ ಖಾನೆಯಿಂದ ಒಂದು ಕೆಂಪು ರಬ್ಬರ್ ನಳಿ ತೆಗೆದು ಮುಂದಿಟ್ಟರು. “ಇದು ಬರೇ ತೋರಸ್ಲಿಕ್ಕೆ. ನಿಮಗ ಹಾಕೂದು ಕುದಿಸಿ ಶುದ್ಧ ಮಾಡಿದ್ದು ಬ್ಯಾರೆ ಇರ್ತದ.”

ಸಾಹುಕಾರರು ಮೊದಲು ಮುಟ್ಟಲು ಅಂಜಿದರು. ಮುಟ್ಟಿದ ಮೇಲೆ ಮಾತ್ರ ಕೈ ತನ್ನ ಹಳೆಯ ಕಸುಬನ್ನು ತಾನೇ ಶುರುಮಾಡಿತು. ಹೆಬ್ಬೆರಳು ತೋರುಬೆರಳ ನಡುವೆ ತಿಕ್ಕಿ ನಯ ನೋಡಿದರು. ಎಳೆದು ಬಿಟ್ಟು ನೋಡಿದರು. ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಕೊನೆಗೆ ಎಂಜಲು ಹಚ್ಚಿದ ಬೆರಳಿನಿಂದ ಒರೆಸಿದರು.

“ಬಣ್ಣ ಬಿಡ್ತದೇನ್ರಿ?”

“ಬಿಡಂಗಿಲ್ಲ.”

“ಇದರ ಅಗಲ, ಅರ್ಜ, ಜರಾ ಜಾಸ್ತಿ ಆತು. ಇದಕ್ಕಿಂತ ಸಣ್ಣ ಮಾಲು ಇಲ್ಲೇನು?”

“ಸಾಹುಕಾರ್ರ, ನಿಮಗ ಯಾವ ಅಳತಿ ಹೊಂದ್ತದ ಅದನ್ನೇ ಹಾಕ್ತೇವಿ. ಎಣ್ಣಿ ಹಚ್ಚಿದಂಗ ಜಾರೂ ಔಷಧ ಸವರಿ ಹಾಕ್ತೇವಿ. ಅದೂ ನಿಮಗ ನಿದ್ದಿ ಬಂದ ಮ್ಯಾಲೆ. ಹಾಕಿದ್ದು ನಿಮಗ ಗೊತ್ತೇ ಆಗೂದಿಲ್ಲ.”

“ಎಚ್ಚರಾದ ಮ್ಯಾಲೆ?”

“ಉಚ್ಚಿ ಬಂದಂಗ ಅನಸ್ತದ. ಎಲ್ಲಾರಿಗೂ ಅನಸ್ತದ. ಜರಾ ಉರಿ ಇರ್ತದ, ಭಾಳ ಆದ್ರ ಔಷಧ ಕೊಡ್ತೇವಿ. ಹಾಸಿಗಿ ಒದ್ದಿ ಆಗೂದಿಲ್ಲ, ಎದ್ದು ಓಡೂ ಜರೂರತ್ತಿಲ್ಲ. ಗಾಯ ಮಾದ ಮ್ಯಾಲೆ ಸರಕ್ಕಂತ ತೆಗದು ಬಿಡ್ತೇವಿ.”

ಸಾಹುಕಾರರು ಗಂಟಲು ಸರಿಮಾಡಿಕೊಂಡು, ಹೆಂಡತಿಗೆ ಹೊರಗೆ ಹೋಗಿ ನಿಲ್ಲುವಂತೆ ಸನ್ನೆ ಮಾಡಿದರು. ಅವಳು ಬಾಗಿಲಾಚೆ ಹೋದ ಮೇಲೆ ಮುಂದೆ ಬಾಗಿ ಪಿಸುಗುಟ್ಟಿದರು: “ಅಲ್ರೀ, ಈ ನಳಿಯಿಂದ ಗಂಡಸ್ತನಕ್ಕ ಏನರ...”

“ನಳಿಯಿಂದ ಏನೂ ಆಗೂದಿಲ್ಲ” ಎಂದರು ಡಾಕ್ಟರು.

“ಅದನ್ನು ನನಗ ಕೇಳಿದ್ರ ನಾನೇ ಹೇಳ್ತಿದ್ದೆ, ಹೋಗ್ಲಿಕ್ಕ ಅಲ್ಲಿ ಏನದ ಅಂತ!” ಎಂದು ಬಾಗಿಲಾಚೆಯಿಂದ ಗುಂಡಮ್ಮನ ದನಿ ಬಂತು.

ಡಾಕ್ಟರು ನಗು ತಡೆದುಕೊಂಡು ಕೊನೆಯ ಮಾತು ಹೇಳಿದರು. “ನೋಡ್ರಿ, ಹಿಂಗೇ ಬಿಟ್ರ ಒಂದಿನ ನಿಮ್ಮ ಮೂತ್ರ ಪೂರಾ ಕಟ್ಟತದ. ಹೊಟ್ಟಿ ಉಬ್ಬಿ, ಜೀವಕ್ಕ ಧೋಕಾ ಬಂದು, ಓಡಿ ಬರ್ತೀರಿ. ಆವಾಗ ಇದೇ ನಳಿ ಎಚ್ಚರ ಇದ್ದಾಗಲೇ ಹಾಕ್ಬೇಕಾಗ್ತದ. ನಿದ್ದಿಯೊಳಗ ಬೇಕೋ, ಎಚ್ಚರದಾಗ ಬೇಕೋ?”

ಅಷ್ಟರಲ್ಲಿ ಮೈಸೂರು ರಾಜ್ಯ ಸೇರುವುದು ಖಚಿತವಾಗಿತ್ತು. ಬೀದರದಲ್ಲಿ ನಡೆಯುವ ಸಂತೋಷದ ಸಭೆಯಲ್ಲಿ ವೇದಿಕೆಯ ನಡುವಿನ ಕುರ್ಚಿ ಹಾವಗೆಪ್ಪನವರಿಗೆ ಎಂದು ತೀರ್ಮಾನವೂ ಆಗಿತ್ತು. ಆ ಕುರ್ಚಿಯ ಮೇಲೆ ಕೂತಾಗ ಕಟ್ಟಿಬಿಟ್ಟರೆ! ಸಾಹುಕಾರರು ಕಣ್ಣುಮುಚ್ಚಿ, “ನಿದ್ದಿಯೊಳಗೇ ಆಗ್ಲಿ” ಎಂದರು. ಆದರೆ ಮನೆಗೆ ಬಂದು ಗುಂಡಮ್ಮನಿಂದ ವಿಭೂತಿ ಮುಟ್ಟಿಸಿ ಆಣೆ ಹಾಕಿಸಿಕೊಂಡರು. ಯಾರು ಕೇಳಿದರೂ, ಎಲ್ಲಿ ಕೇಳಿದರೂ, ಸಾಹುಕಾರರು ದೀಪಾವಳಿಯ ಮಾಲು ತರಲು ಹೈದ್ರಾಬಾದಿಗೆ ಹೋಗಿದ್ದರು ಎಂದೇ ಹೇಳಬೇಕು. ಅವಳು ವಿಭೂತಿ ಮುಟ್ಟಿ ಹೂಂ ಎಂದಳು.

ಆಪರೇಶನ್ ದಿನ ಸಾಹುಕಾರರು ಗುಂಡಮ್ಮನ ಕೈ ಬಿಡಲಿಲ್ಲ. ಬಾಗಿಲಿನ ತನಕ ಹಿಡಿದುಕೊಂಡೇ ಹೋದರು. ಒಳಗೆ ಮೂಗಿಗೆ ಏನೋ ಹಿಡಿದರು. “ನಳಿ ಹಾಕೂ ಮುಂದ ನನಗ ಒಂದು ಮಾತು ಹೇ...” ಎನ್ನುವಷ್ಟರಲ್ಲಿ ನಿದ್ದೆ ಹತ್ತಿತು. ಕಣ್ಣು ಬಿಟ್ಟಾಗ ವಾರ್ಡಿನ ಮಂಚದ ಮೇಲಿದ್ದರು.

“ಗುಂಡಿ, ಯಾವಾಗ ಹಾಕ್ತಾರಂತ?”

“ಏನು?”

“ಅದೇ. ನಳಿ.”

“ಹಾಕಿ ಭಾಳ ಹೊತ್ತಾತು.”

“ಯಾರಿಗೆ?”

“ನನಗ!” ಎಂದಳು ಗುಂಡಮ್ಮ. ಬೆಳಗಿನಿಂದ ತಡೆದುಕೊಂಡಿದ್ದ ಕಣ್ಣೀರು ಆಗ ನಗುವಿನ ಜೊತೆಯೇ ಬಂತು.

ಸಾಹುಕಾರರು ಚಾದರದ ಮೇಲಿನಿಂದ ಕಳ್ಳನ ಹಾಗೆ ಮುಟ್ಟಿ ನೋಡಿಕೊಂಡರು. ಇದೆ! ಆದರೆ ಜೀವವೂ ಇದೆ. ಅಷ್ಟರಲ್ಲಿ ಅಭ್ಯಾಸದಂತೆ ಕರೆ ಬಂದ ಹಾಗಾಯಿತು. ಏಳಲು ಹೋದರು. ನರ್ಸ್ ಮಹಮೂದಾ ಬೇಗಂ ಓಡಿ ಬಂದು ಭುಜ ಒತ್ತಿ ಮಲಗಿಸಿದಳು.

“ಎಲ್ಲಿಗಿ ಹೊಂಟ್ರಿ?”

“ಹೋಗಿ ಬರ್ತೇನಿ. ಅರ್ಜೆಂಟ್ ಅದ.”

“ನೀವು ಹೋಗಬ್ಯಾಡ್ರಿ, ಅದು ತಾನೇ ಹೋಗ್ಲಿಕತ್ತದ. ಆರಾಮ ಮಲಕೋರಿ.”

ಅದು ತಾನೇ ಹೋಗುತ್ತದೆ! ಈ ಮಾತಿನ ಮಹಿಮೆ ಸಾಹುಕಾರರಿಗೆ ತಿಳಿದದ್ದು ಮಾರನೆಯ ಬೆಳಗಿಗೆ. ಎಷ್ಟೋ ವರ್ಷಗಳ ಮೇಲೆ ಮೊದಲ ಬಾರಿಗೆ ಕತ್ತಲೆಯಿಂದ ಬೆಳಕಿನ ತನಕ ಒಂದೇ ನಿದ್ದೆ. ಗಾಯ ನೋಯುತ್ತಿತ್ತು, ಇಲ್ಲವೆಂದಲ್ಲ. ಒಳಗೆ ಏನೋ ಇದೆ ಎಂಬ ಕಿರಿಕಿರಿಯೂ ಆಗಾಗ ಇತ್ತು. ಆದರೂ ಎರಡೇ ದಿನದಲ್ಲಿ ನಳಿಯ ಮೇಲೆ ಅವರಿಗೆ ಮೋಹ ಹುಟ್ಟಿಬಿಟ್ಟಿತು. ಭಾಲ್ಕಿಯ ಕಡೆಯ ಯಾರಾದರೂ ವರಾಂಡದಲ್ಲಿ ಸುಳಿದರೆ ಗುಂಡಮ್ಮ ಸೆರಗು ಹರಡಿ ಶೀಶೆಯ ಮುಂದೆ ಕೂಡಬೇಕು. ಸಾಹುಕಾರರು ಗೋಡೆಯ ಕಡೆ ಮುಖ ಮಾಡಬೇಕು. ಅದೊಂದು ಬಿಟ್ಟರೆ ಸ್ವರ್ಗ. ತೆಗೆಯುವ ದಿನ ಬಂದಾಗ, “ಇನ್ನೊಂದು ನಾಕು ದಿನ ಇರ್ಲಿರಿ, ಪಾಪ, ಏನು ತ್ರಾಸ ಕೊಡ್ತದ” ಎಂದು ನಳಿಯ ಪರವಾಗಿ ವಕೀಲಿ ಮಾಡಿದರು. ಡಾಕ್ಟರು, “ಉದ್ದಕ ಉಸಿರು ಬಿಡ್ರಿ” ಎಂದರು. ಸಾಹುಕಾರರು ಉಸಿರು ಬಿಟ್ಟರು, ನಳಿ ಹೊರಗೆ ಬಂತು. ಮೊದಲ ಸಲ ಹೋಗುವಾಗ ಮೆಣಸಿನಕಾಯಿ ಹಿಂಡಿದ ಹಾಗೆ ಉರಿದು, “ಶಿವಶಿವಾ” ಎಂದು ಕೂಗಿದರು. ಎರಡು ದಿನ ನೀರು ಕುಡಿದು ಕುಡಿದು ಉರಿ ಇಳಿಯಿತು. ಆಮೇಲೆ ಮಳೆಗಾಲದ ಮಾಂಜ್ರಾ ಹೊಳೆಯೇ! ಹನಿಯಿಲ್ಲ, ಕಾಯುವುದಿಲ್ಲ. ಸಾಹುಕಾರರು ಹೊಸ ಮನುಷ್ಯರಾಗಿ ಭಾಲ್ಕಿಗೆ ಬಂದರು. ಮಾನವೂ ಉಳಿದಿತ್ತು.

ಮೈಸೂರು ರಾಜ್ಯ ಸೇರಿದ ದಿನ ಬೀದರದ ಮೈದಾನದಲ್ಲಿ ಹೆಜ್ಜೆ ಇಡಲು ಜಾಗವಿರಲಿಲ್ಲ. ವೇದಿಕೆಯ ನಡುವಿನ ಕುರ್ಚಿಯಲ್ಲಿ ಜರಿ ರುಮಾಲು ಸುತ್ತಿಕೊಂಡು ಹಾವಗೆಪ್ಪನವರು. ಪಕ್ಕದ ಕುರ್ಚಿಯಲ್ಲಿ, ಔರಾದವೂ ಮೈಸೂರಿಗೇ ಬಂದದ್ದರಿಂದ, ಒಗ್ಗಟ್ಟಿನ ಗುರುತಾಗಿ ಕಾಶೀರಾಮರು. ಮೈಸೂರಿನ ಕಡೆಯಿಂದ ಬಂದಿದ್ದ ಪಂಡಿತರೊಬ್ಬರು ಭಾಷಣಕ್ಕೆ ನಿಂತರು. ಕಾವೇರಿ ಎಂದರು, ಶ್ರೀಗಂಧ ಎಂದರು, ದಸರೆಯ ಆನೆ ಎಂದರು. ಮಾಂಜ್ರಾ ಎನ್ನಲಿಲ್ಲ, ಭಾಲ್ಕಿ ಎನ್ನಲಿಲ್ಲ. ಬಿಸಿಲು ಏರಿತು. ಜನ ಸಹಿಸಿಕೊಂಡರು. ಕೊನೆಗೆ ಪಂಡಿತರು ಪ್ರೀತಿಯಿಂದಲೇ, “ತಮ್ಮಗಳ ಕನ್ನಡ ಸ್ವಲ್ಪ ಒರಟು. ಚಿಂತೆಯಿಲ್ಲ, ನಾವುಗಳು ನಿಧಾನವಾಗಿ ತಿದ್ದೋಣ” ಎಂದುಬಿಟ್ಟರು.

ಸಾವಿರಾರು ಕಣ್ಣು ಹಾವಗೆಪ್ಪನವರ ಕಡೆ ತಿರುಗಿದವು. ಈಗ ಏಳುತ್ತಾರೆ. ಈಗ ಮುಖ ಕೆಂಪಗಾಗುತ್ತದೆ. ಜ್ಞಾನೇಶ್ವರ ಜೈಕಾರಕ್ಕೆ ಕೈಯನ್ನೂ ಎತ್ತಿ ಹಿಡಿದಿದ್ದ.

ಸಾಹುಕಾರರು ಹಾಯಾಗಿ ಕೂತಿದ್ದರು. ಇಷ್ಟು ಹೊತ್ತು ಒಂದೇ ಜಾಗದಲ್ಲಿ ಕೂಡುವ ಸುಖ ಅವರಿಗೆ ಹೊಸದು, ಅದರಲ್ಲೇ ಮೈಮರೆತಿದ್ದರು. ಜನರ ನೋಟ ನೋಡಿ ಎಚ್ಚೆತ್ತು, ಏಳಬೇಕಲ್ಲ ಎಂದು ಎದ್ದರು. ಆದರೆ ಒಳಗಿನಿಂದ ತಳ್ಳುವವರೇ ಇಲ್ಲದಿದ್ದರೆ ನಡಿಗೆಗೆ ರಭಸ ಎಲ್ಲಿಂದ ಬರಬೇಕು? ರುಮಾಲು ಸರಿಮಾಡಿಕೊಂಡು, ನಿಧಾನವಾಗಿ, ಗಂಭೀರವಾಗಿ ಮೆಟ್ಟಿಲಿಳಿದರು.

“ಸಾಹುಕಾರ್ರು ಚಾ ಕುಡೀಲಿಕ್ಕ ಹೊಂಟಾರ” ಎಂದಿತು ಒಂದು ದನಿ. ಒಬ್ಬನೂ ಹಿಂದೆ ಬರಲಿಲ್ಲ. ಡೇರೆಯ ಹಿಂದೆ ಒಬ್ಬರೇ ಸ್ವಲ್ಪ ಹೊತ್ತು ನಿಂತು, ಮಾಡಲು ಏನೂ ಕೆಲಸವಿಲ್ಲದೆ, ತಿರುಗಿ ಬಂದು ಕುರ್ಚಿಯಲ್ಲಿ ಕೂತರು.

ಪಂಡಿತರು ನೀರು ಕುಡಿಯಲು ಕೂತಾಗ, ಸಾಲಿಯ ಹುಡುಗಿಯರು ನಾಡಗೀತೆ ಹೇಳುತ್ತಿರುವಾಗ, ಜ್ಞಾನೇಶ್ವರ ವೇದಿಕೆಯ ಅಂಚಿಗೆ ಬಂದ. ಅವನ ಹಿಂದೆ ಭಾಲ್ಕಿಯ ಜನ.

“ಸಾಹುಕಾರ್ರ, ಒಂದು ಕುರ್ಚಿ ಕೊಟ್ಟು ನಿಮ್ಮನ್ನ ಕೊಂಡ್ಕೊಂಡ್ರಲ್ಲ! ನಮ್ಮ ಮಾತಿಗೆ ಒರಟು ಅಂದ್ರೂ ಸುಮ್ಮ ಕೂಡ್ತೀರಿ? ಹಿಂದ ಎಂಥಾ ಹುಲಿ ಇದ್ರಿ.”

ಮಾರಿಕೊಂಡವನು ಎನಿಸಿಕೊಳ್ಳುವುದಕ್ಕಿಂತ ಉಚ್ಚೆಯ ಕಾಯಿಲೆಯವನು ಎನಿಸಿಕೊಳ್ಳುವುದೇ ಮೇಲು ಎಂದು ಆ ಕ್ಷಣಕ್ಕೆ ಸಾಹುಕಾರರಿಗೆ ಅನಿಸಿತು.

“ಇಲ್ಲೋ ತಮ್ಮಾ! ಹಿಂದ ನಾ ಸಿಟ್ಟಿಗಿ ಎದ್ದಿಲ್ಲ, ಉಚ್ಚಿಗಿ ಎದ್ದೀನಿ. ಈಗ ಆಪರೇಶನ್ ಆಗ್ಯದ. ರಬ್ಬರ್ ನಳಿ ಹಾಕಿ ಗುಣಾ ಮಾಡ್ಯಾರ. ಅದಕ್ಕ ಕೂಡ್ಲಿಕ್ಕ ಬರ್ತದ!”

ಜನ ಒಬ್ಬರ ಮುಖ ಒಬ್ಬರು ನೋಡಿದರು. “ಇಷ್ಟು ದೊಡ್ಡ ಮನುಷ್ಯಾ ಆಗಿ ಇಂಥಾ ಕಥಿ ಕಟ್ತೀರಲ್ರಿ” ಎಂದ ಜ್ಞಾನೇಶ್ವರ. ಅವನ ಕಣ್ಣಲ್ಲಿ ನೀರಿತ್ತು. “ಆ ಜೋಳದ ಹೊಲದಾಗಿಂದ ನೀವು ಹೊರಗ ಬಂದಾಗ ನಿಮ್ಮ ಮುಖ ನಾ ನೋಡೀನಿ. ಅದು ಉಚ್ಚಿ ಹೊಯ್ದ ಮುಖ ಏನ್ರಿ?”

“ಹೌದೋ! ಬೇಕಾದ್ರ ನನ್ನ ಹೆಂಡ್ತಿಗಿ ಕೇಳ್ರಿ! ಗುಂಡಿ, ಹೇಳು, ನಾ ದವಾಖಾನ್ಯಾಗ ಇದ್ದೆನೋ ಇಲ್ಲೋ?”

ಹೆಂಗಸರ ಸಾಲಿನಲ್ಲಿ ಕೂತಿದ್ದ ಗುಂಡಮ್ಮ ಎದ್ದು ನಿಂತಳು. ಗಂಡನ ಮುಖ ನೋಡಿದಳು, ಜನರ ಮುಖ ನೋಡಿದಳು. ವಿಭೂತಿ ಮುಟ್ಟಿ ಮಾತು ಕೊಟ್ಟವಳು ಜಗ್ಗುವುದುಂಟೇ?

“ನಮ್ಮ ಮನಿಯವ್ರು ದೀಪಾವಳಿ ಮಾಲು ತರ್ಲಿಕ್ಕ ಹೈದ್ರಾಬಾದಿಗೆ ಹೋಗಿದ್ರು” ಎಂದು ಹೇಳಿ ಕೂತಳು.

ಭಾಲ್ಕಿಯ ಜನ ಬೆನ್ನು ತಿರುಗಿಸಿ ಹೋದರು. ಸಾಹುಕಾರರು ಕುರ್ಚಿಯಲ್ಲಿ ಕುಸಿದರು. ಆಗ ಪಕ್ಕದಿಂದ ಒಂದು ಪಿಸುದನಿ ಬಂತು. ಇಷ್ಟು ವರ್ಷಗಳಲ್ಲಿ ಕಾಶೀರಾಮರು ಅವರೊಡನೆ ಆಡಿದ ಮೊದಲ ಮಾತು.

“ಸಾಹುಕಾರ, ಖರೇನೇ ನೋವಾಗ್ಲಿಲ್ಲೇನ್ರಿ?”

ಸಾಹುಕಾರರು ತಿರುಗಿ ನೋಡಿದರು. ಔರಾದದ ಹುಲಿಯ ಹಣೆಯಲ್ಲಿ ಬೆವರು. ಕಾಲ ಮೇಲೆ ಕಾಲು ಬಿಗಿದುಕೊಂಡು ಕೂತಿದ್ದರು. ಸಾಹುಕಾರರಿಗೆ ಎಲ್ಲವೂ ತಿಳಿಯಿತು, ಕರುಣೆ ಉಕ್ಕಿತು. ವೈರ ಮರೆತು ಅವರ ಕೈ ಹಿಡಿದು ಎಲ್ಲ ಹೇಳಿದರು: ನಿದ್ದೆಯಲ್ಲಿ ಹಾಕಿದ್ದು, ಏಳಬೇಕೆನಿಸಿದ್ದು, ನರ್ಸ್ ಹೇಳಿದ್ದು, ಬೆಳಗಿನ ತನಕ ಮಲಗಿದ್ದು, ತೆಗೆದಾಗ ಉರಿದದ್ದು, ಆಮೇಲಿನ ಸುಖ. “ಒಂದೇ ಒಂದು ಉಸಿರು ಬಿಡೂದ್ರಾಗ ತೆಗೀತಾರ. ಅಂಜಬ್ಯಾಡ್ರಿ. ನಾಳೆನೇ ನಾ ನಿಮ್ಮನ್ನ ಡಾಕ್ಟರ ಕಡಿ ಕರಕೊಂಡು ಹೋಗ್ತೇನಿ.”

ಕಾಶೀರಾಮರ ಮುಖ ಅರಳಿತು. “ದೇವಾ ರೇ! ಇಷ್ಟೇನಾ? ನಾ ಸುಮ್ಮ ಅಂಜಿ ಸಾಯ್ಲಿಕತ್ತಿದ್ದೆ” ಎಂದರು. ಒಂದು ಕ್ಷಣ ಯೋಚಿಸಿ, ಹೊರಟುಹೋಗುತ್ತಿದ್ದ ಭಾಲ್ಕಿಯ ಜನರ ಬೆನ್ನು ನೋಡಿ, ಕೈಯನ್ನು ಮೆತ್ತಗೆ ಬಿಡಿಸಿಕೊಂಡರು. “ಆದ್ರ ನಾಳೆ ಬ್ಯಾಡ್ರಿ. ಎಲೆಕ್ಷನ್ ಬರ್ಲಿಕತ್ತದ. ಆರಿಸಿ ಬಂದ ಮ್ಯಾಲೆ ಮಾಡಿಸ್ಕೋತೇನಿ.”

ಪಂಡಿತರು ಮತ್ತೆ ಎದ್ದು, “ಆಗಲೇ ಹೇಳಿದಂತೆ, ತಮ್ಮಗಳ ಒರಟು ಕನ್ನಡ...” ಎಂದು ಆರಂಭಿಸಿದರು. ಕಾಶೀರಾಮರ ಮುಖ ಕೆಂಪಗಾಯಿತು. ಹಲ್ಲು ಕಚ್ಚಿದರು. ಧಡಕ್ಕನೆ ಎದ್ದು, ಸಣ್ಣ ಸಣ್ಣ ಹೆಜ್ಜೆಯಲ್ಲಿ ಬಿರಬಿರನೆ ಮೆಟ್ಟಿಲಿಳಿದು ನಡೆದರು.

“ಕಾಶೀರಾಮ ಸಾಹೇಬರು ಎದ್ರು! ಕಾಶೀರಾಮ ಸಾಹೇಬರಿಗೆ ಜೈ!” ಎಂದ ಜ್ಞಾನೇಶ್ವರ. ಔರಾದದವರು, ಬೀದರದವರು, ಕಮಠಾಣದವರು, ಭಾಲ್ಕಿಯವರು ಎಲ್ಲ ಎದ್ದರು. ನೋಡನೋಡುತ್ತ ಮೈದಾನ ಖಾಲಿಯಾಯಿತು. ಜೈಕಾರ ಕೋಟೆಯ ಗೋಡೆಯ ಕಡೆಗೆ ದೂರವಾಯಿತು. ಗುಂಡಮ್ಮ ಕೂಡ, ಉಳಿದ ಹೆಂಗಸರ ಜೊತೆ, ಸೆರಗು ಸರಿಮಾಡಿಕೊಂಡು ಹೊರಟಳು.

ವೇದಿಕೆಯ ಮೇಲೆ ಉಳಿದವರು ಇಬ್ಬರು. ಪಂಡಿತರು ಖಾಲಿ ಮೈದಾನವನ್ನು ನೋಡಿದರು. ಆಮೇಲೆ ತಿರುಗಿ ಹಾವಗೆಪ್ಪನವರನ್ನು ನೋಡಿದರು. ಅವರ ಕಣ್ಣು ತುಂಬಿ ಬಂತು.

“ತಾವಾದರೂ ಕೂತಿದ್ದೀರಲ್ಲ, ಮಹನೀಯರೇ” ಎಂದು ತಮ್ಮ ಕುರ್ಚಿಯನ್ನು ಎಳೆದುಕೊಂಡು ಎದುರಿಗೇ ಬಂದು ಕೂತು, ಕಾವೇರಿಯ ಉಗಮದಿಂದ ಮತ್ತೆ ಶುರುಮಾಡಿದರು. ಸಾಹುಕಾರರು ಏಳಲು ಏನಾದರೂ ಕಾರಣ ಸಿಕ್ಕೀತೇ ಎಂದು ಮೈಯೊಳಗೆಲ್ಲ ಹುಡುಕಿದರು. ಒಂದೂ ಸಿಗಲಿಲ್ಲ.